ಮಗು ಮನೆ ಸೇರುವವರೆಗೆ

ಮೇ ತಿಂಗಳು ಮುಗಿಯುತ್ತ ಬಂದು, ಪಡುವಣ ದಿಗಂತದಲ್ಲಿ ಮೋಡಗಳು ಒತ್ತರಿಸಿ, ಬಿಸಿಲಿಗೆ ಬಿರಿದ ಗದ್ದೆಗಳು ಮೊದಲ ಮಳೆಯ ನೀರನ್ನು ಹೀರಿಕೊಳ್ಳುವ ವೇಳೆಗೆ ಸರಿಯಾಗಿ ನಮ್ಮ ಶಿಕಾರಿಪುರ, ಸೊರಬ ತಾಲ್ಲೂಕುಗಳ ಸರ್ಕಾರಿ ಶಾಲೆಗಳು ಬಾಗಿಲು ತೆರೆಯುತ್ತವೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಮಕ್ಕಳಿಗೆ ಸಿಹಿಯೂಟವಿಕ್ಕಿ ಬರಮಾಡಿಕೊಳ್ಳುವ ಆ ಸಂಭ್ರಮದ ದಿನದಲ್ಲಿ, ಗೇಟಿನ ಹೊರಗೆ ನಿಂತ ತಾಯಂದಿರ ಮಾತಿಗೆ ಕಿವಿಗೊಟ್ಟವರಿಗೆ ಬೇರೊಂದು ಧ್ವನಿಯೂ ಕೇಳಿಸದಿರದು. ಐದನೆಯ ತರಗತಿಯವರೆಗೆ ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕಣ್ಣಳತೆಯಲ್ಲಿಯೇ ಓದಿಕೊಂಡಿದ್ದ ಮಗಳು ಇನ್ನು ಮುಂದೆ ಹಳ್ಳ ದಾಟಿ, ಕಾನಿನ ಅಂಚು ಹಿಡಿದು, ಟಾರುರಸ್ತೆಯನ್ನು ಅಡ್ಡಹಾಯ್ದು ಪಕ್ಕದೂರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಬೇಕಲ್ಲ ಎಂಬ ಅಳುಕು ಒಬ್ಬಳದು. ಕಳೆದ ಮಳೆಗಾಲದಲ್ಲಿ ಸೋರಿದ ಕೊಠಡಿಯಲ್ಲಿಯೇ ಈ ವರ್ಷವೂ ಮಗನನ್ನು ಕೂರಿಸುವರೇನೋ ಎಂಬ ಶಂಕೆ ಇನ್ನೊಬ್ಬಳದು. ಮಗಳು ಕೆಲವು ದಿನಗಳಿಂದ ಮಾತು ಕಡಮೆ ಮಾಡಿದ್ದಾಳೆ, ಕೇಳಿದರೆ ಏನೂ ಇಲ್ಲವೆನ್ನುತ್ತಾಳೆ ಎಂದು ತಗ್ಗಿದ ದನಿಯಲ್ಲಿ ಹೇಳಿಕೊಳ್ಳುವವಳು ಮತ್ತೊಬ್ಬಳು. ಗಂಟೆ ಬಾರಿಸುತ್ತದೆ, ಗುಂಪು ಚದುರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಈ ಆತಂಕಗಳಲ್ಲಿ ಯಾವುದೊಂದೂ ಹುಸಿಯಲ್ಲ. ಆದರೆ ಪ್ರತಿಯೊಂದಕ್ಕೂ ಅದು ತಲುಪಬೇಕಾದ ವಿಳಾಸವೊಂದುಂಟು. ಆ ವಿಳಾಸ ತಿಳಿಯದ ಕಾರಣದಿಂದಲೇ ಗೇಟಿನ ಬಳಿ ಹುಟ್ಟಿದ ಮಾತು ಗೇಟಿನ ಬಳಿಯೇ ಸಾಯುತ್ತದೆ. ಆ ವಿಳಾಸಗಳನ್ನು ಬಲ್ಲಷ್ಟುಮಟ್ಟಿಗೆ ಹೇಳಿಡುವುದು ಈ ಬರೆಹದ ಉದ್ದೇಶ.

ವಿಳಾಸ ತಪ್ಪಿದ ಭಯವು ಎಂತಹ ಘೋರಕ್ಕೆ ಎಡೆಗೊಡಬಲ್ಲುದೆಂಬುದನ್ನು ಮೊದಲು ನೆನೆಯಬೇಕು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ ರಾಜ್ಯವನ್ನೆಲ್ಲ ಆವರಿಸಿದ್ದ ದಿನಗಳಲ್ಲಿ, ಜುಲೈ 13ರಂದು, ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಶಾಲೆಯ ಮಕ್ಕಳಿಗೆ ಅಕ್ಕರೆಯಿಂದ ಚಾಕಲೇಟು ಹಂಚಿದ ಹೊರಗಿನ ಯುವಕರನ್ನು ಕಳ್ಳರೆಂದು ಬಗೆದ ಜನಸಮೂಹವು ಬೆನ್ನಟ್ಟಿ ಹೊಡೆದು, ಅವರಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರನ ಪ್ರಾಣವನ್ನೇ ತೆಗೆಯಿತು. ಮಕ್ಕಳ ಮೇಲಣ ಪ್ರೀತಿಯೇ ಅಲ್ಲಿ ಕೊಲೆಗೆ ಕಾರಣವಾಯಿತೆಂಬುದನ್ನು ನೆನೆದಾಗ ಮನಸ್ಸು ಕುಗ್ಗುತ್ತದೆ. ಅಪರಿಚಿತರ ಬಗ್ಗೆ ಸಂಶಯ ಬಂದರೆ 112ಕ್ಕೆ ಕರೆಮಾಡಿ ಪೊಲೀಸರಿಗೆ ತಿಳಿಸುವುದು, ಮುಖ್ಯೋಪಾಧ್ಯಾಯರಿಗೆ ಹೇಳುವುದು, ಬಂದ ಸಂದೇಶವನ್ನು ಮುಂದಕ್ಕೆ ಕಳಿಸದಿರುವುದು, ಇಷ್ಟೇ ತಂದೆತಾಯಿಗಳ ಕರ್ತವ್ಯ. ಎಲ್ಲಿಂದಲೋ ಬರುವ ಕಳ್ಳನಿಗಾಗಿ ಕಾದು ಕುಳಿತ ಕಣ್ಣಿಗೆ ದಿನವೂ ಕಾಲ್ಕೆಳಗಿರುವ ಅಪಾಯ ಕಾಣದೆ ಹೋಗುತ್ತದೆ.

ಕಾಲ್ಕೆಳಗಿನ ಅಪಾಯವೆಂದರೆ, ನಮ್ಮ ಸೀಮೆಯಲ್ಲಿ, ಮೊದಲನೆಯದಾಗಿ ನೀರು. ಕುಮುದ್ವತಿ, ದಂಡಾವತಿ, ವರದಾ ನದಿಗಳು ಹರಿಯುವ, ಕೆರೆಯಿಲ್ಲದ ಊರೇ ಅಪರೂಪವೆನಿಸುವ ಈ ನಾಡಿನಲ್ಲಿ, ಬೇಸಗೆಯಲ್ಲಿ ಕಣಕಾಲು ಮುಳುಗದ ಹಳ್ಳವು ಆಷಾಢದ ಒಂದು ರಾತ್ರಿಯ ಮಳೆಗೆ ಆಳೆತ್ತರ ಏರುವುದನ್ನು ಎಲ್ಲರೂ ಬಲ್ಲರು. ಕಾಲ್ನಡಿಗೆಯ ಮಕ್ಕಳಿಗೆ ಹಲವೆಡೆ ಅಡಕೆಮರದ ಅಥವಾ ಕಾಡುಮರದ ದಿಮ್ಮಿಗಳನ್ನು ಹಾಸಿ ಕಟ್ಟಿದ ಕಾಲುಸಂಕವೇ ಗತಿ. 2022ರ ಆಗಸ್ಟ್ ತಿಂಗಳಲ್ಲಿ, ಘಟ್ಟದ ಕೆಳಗಿನ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಎಳೆಯ ಬಾಲಕಿಯೊಬ್ಬಳು ಇಂಥದೇ ಸಂಕದಿಂದ ಜಾರಿ ಹಳ್ಳದ ಪಾಲಾದಳು. ಹಾಸುಗಟ್ಟಿದ ದಿಮ್ಮಿಯ ಮೇಲೆ ಪಾಚಿ ಕಟ್ಟಿದೆಯೆ, ಹಿಡಿಯಲು ಎರಡೂ ಬದಿಗೆ ಆಸರೆಯ ಗಳುವೋ ತಂತಿಯೋ ಉಂಟೆ, ಮಗುವಿನ ಕೈಗೆ ಅದು ಎಟಕುವ ಎತ್ತರದಲ್ಲಿದೆಯೆ ಎಂಬುದನ್ನು ಮಳೆ ಹಿಡಿಯುವ ಮುನ್ನವೇ ಊರವರು ನೋಡಬೇಕು. ಸಂಕವನ್ನು ಕಟ್ಟಿಕೊಡಬೇಕೆಂಬ ಬೇಡಿಕೆಗೆ ಶಾಲೆ ಸರಿಯಾದ ವಿಳಾಸವಲ್ಲ. ಅದು ಗ್ರಾಮಪಂಚಾಯಿತಿಯ ಕೆಲಸ, ಗ್ರಾಮಸಭೆಯಲ್ಲಿ ಎತ್ತಿ ಠರಾವಿನಲ್ಲಿ ಬರೆಯಿಸತಕ್ಕ ವಿಷಯ. ಮಕ್ಕಳಿಗಾಗಿಯೇ ಪಂಚಾಯಿತಿಯು ನಡೆಸಬೇಕಾದ ಮಕ್ಕಳ ಗ್ರಾಮಸಭೆಯೂ ನಮ್ಮ ರಾಜ್ಯದಲ್ಲಿ ಉಂಟು. ಅಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು ತಾನು ದಿನವೂ ದಾಟುವ ಹಳ್ಳದ ಹೆಸರನ್ನು ಹೇಳಿದರೆ, ಹತ್ತು ಮಂದಿ ಹಿರಿಯರು ಹೇಳಿದುದಕ್ಕಿಂತ ಹೆಚ್ಚಾಗಿ ಅದು ಅಧ್ಯಕ್ಷರ ಮನಸ್ಸನ್ನು ಮುಟ್ಟುತ್ತದೆಂಬುದು ನನ್ನ ನಂಬುಗೆ. ಸಂಕ ಆಗುವವರೆಗೆ, ಹಳ್ಳ ತುಂಬಿದ ದಿನ ಮಗುವನ್ನು ಮನೆಯಲ್ಲಿಯೇ ಇರಿಸಿಕೊಳ್ಳುವುದರಲ್ಲಿ ಯಾವ ಸಂಕೋಚವೂ ಬೇಡ. ರಜೆಯ ಘೋಷಣೆ ಜಿಲ್ಲಾ ಕೇಂದ್ರದಿಂದ ಬರುವುದರೊಳಗೆ ನೀರು ನಿಮ್ಮ ಹಳ್ಳದಲ್ಲಿ ಏರಿರಬಹುದು. ಶಾಲೆ ಬಿಡುವ ಹೊತ್ತಿಗೆ ಮಳೆ ಸುರಿಯುತ್ತಿದ್ದರೆ ಮಕ್ಕಳನ್ನು ಬಿಡದೆ ಕಾಯ್ದಿರಿಸಿ ಪೋಷಕರಿಗೆ ಕರೆಮಾಡುವ ಏರ್ಪಾಡನ್ನು ಮೇಷ್ಟ್ರೊಡನೆ ಜೂನ್ ತಿಂಗಳಲ್ಲಿಯೇ ಮಾತಾಡಿಕೊಳ್ಳಬೇಕು.

ನೀರಿಲ್ಲದ ಕಾಲಕ್ಕೆ ರಸ್ತೆ. ಸುಗ್ಗಿಯ ದಿನಗಳಲ್ಲಿ ಶಿಕಾರಿಪುರದ ಕಡೆಯ ರಸ್ತೆಗಳ ಅರ್ಧ ಅಗಲವನ್ನು ಮೆಕ್ಕೆಜೋಳದ ರಾಶಿ ಆಕ್ರಮಿಸಿರುವಾಗ, ಉಳಿದರ್ಧದಲ್ಲಿ ಲಾರಿಯೂ ಬಸ್ಸೂ ಸೈಕಲ್ಲಿನ ಮಕ್ಕಳೂ ಒಟ್ಟಿಗೆ ನುಸುಳಬೇಕಾಗುತ್ತದೆ. ಕಾಳಿನ ಮೇಲೆ ಚಕ್ರ ಜಾರುವುದಂತೂ ಕ್ಷಣದ ಮಾತು. ಶಾಲೆಯ ಮುಂದಣ ಒಂದು ಫರ್ಲಾಂಗಿನಲ್ಲಾದರೂ ಒಕ್ಕಣೆ ಬೇಡವೆಂದು ಊರೊಟ್ಟಿಗೆ ಒಪ್ಪಂದ ಮಾಡಿಕೊಳ್ಳುವುದು ಸಾಧ್ಯವಿಲ್ಲದ ಮಾತೇನೂ ಅಲ್ಲ. ಸರ್ಕಾರಿ ಶಾಲೆಗೆ ಸ್ವಂತ ವಾಹನವಿಲ್ಲದುದರಿಂದ ಮಕ್ಕಳು ಬಸ್ಸಿನ ಬಾಗಿಲಿಗೆ ಜೋತುಬೀಳುವುದೂ, ಸರಕಿನ ಗಾಡಿಯ ಹಿಂದೆ ನಿಂತುಕೊಂಡು ಹೋಗುವುದೂ ನಿತ್ಯದ ನೋಟವಾಗಿದೆ. ಬೆಳಗಿನ ಬಸ್ಸಿನ ವೇಳೆ ಶಾಲೆಯ ವೇಳೆಗೆ ಹೊಂದದಿದ್ದರೆ ಆ ಮನವಿಯ ವಿಳಾಸ ಸಾರಿಗೆ ಡಿಪೋದ ವ್ಯವಸ್ಥಾಪಕರು. ಎಷ್ಟು ಮಕ್ಕಳು ಯಾವ ನಿಲ್ದಾಣದಿಂದ ಹತ್ತುವರೆಂಬ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಸಹಿಯೊಡನೆ ಕೊಟ್ಟರೆ ಮನವಿಗೆ ಬಲ ಬರುತ್ತದೆ. ಇನ್ನು, ಏಳನೆಯ ತರಗತಿಯ ಮಗನ ಕೈಗೆ ಸ್ಕೂಟರು ಕೊಟ್ಟು ತಂಗಿಯನ್ನು ಹಿಂದೆ ಕೂರಿಸಿ ಕಳುಹಿಸುವ ತಂದೆಗೆ ಒಂದು ಮಾತು: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಮೇರೆಗೆ ಅಪ್ರಾಪ್ತ ವಯಸ್ಕನು ವಾಹನ ನಡೆಸಿ ತಪ್ಪೆಸಗಿದರೆ ಪೋಷಕನಿಗೋ ವಾಹನದ ಒಡೆಯನಿಗೋ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ದಂಡದ ಮಾತು ಹಾಗಿರಲಿ, ಆ ಹುಡುಗನ ಕಾಲು ನೆಲಕ್ಕೆ ಸರಿಯಾಗಿ ಎಟಕುವುದಿಲ್ಲವೆಂಬುದನ್ನಾದರೂ ತಂದೆ ನೋಡಬೇಡವೆ? ದೀಪಾವಳಿಯಾದ ಮೇಲೆ ಊರೂರಿನಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಅದು ನಮ್ಮ ಸೀಮೆಯ ರಕ್ತಗತವಾದ ಸಂಭ್ರಮ, ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ನೋಡಲು ನಿಂತವರೇ ಹೋರಿಯ ತಿವಿತಕ್ಕೆ ಪ್ರಾಣ ತೆತ್ತ ನಿದರ್ಶನಗಳು ನಮ್ಮಲ್ಲಿಯೇ ಆಗಿಹೋಗಿವೆ. ಆ ದಿನ ಹಾಜರಿ ಕರೆದಾಗ ಇಲ್ಲದ ಮಕ್ಕಳ ಮನೆಗೆ ಶಾಲೆಯಿಂದ ಕರೆ ಹೋಗಲೇಬೇಕು.

ಕಾನಿನ ವಿಷಯಕ್ಕೆ ಬಂದರೆ ಸೊರಬ ತಾಲ್ಲೂಕಿನ ಹೆಸರು ಜಗತ್ತಿನ ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಸೇರಿಹೋದ ಸಂಗತಿಯನ್ನು ನೆನೆಯದೆ ಮುಂದುವರಿಯಲಾಗದು. 1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಮೇಲೊಂದು ಸತ್ತು ಬಿದ್ದು, ಕಾಡಂಚಿನ ಜನರು ವಿಚಿತ್ರವಾದ ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ರೋಗದ ಮೂಲವನ್ನು ಶೋಧಿಸಿದರು. ಅಂದಿನಿಂದ ಅದು ಲೋಕಕ್ಕೆಲ್ಲ ಕ್ಯಾಸನೂರು ಕಾಡಿನ ಕಾಯಿಲೆ, ನಮಗೆ ಮಂಗನ ಕಾಯಿಲೆ. ಅದನ್ನು ಹರಡುವುದು ಉಣುಗು, ಅದರಲ್ಲಿಯೂ ಸಾಸಿವೆಗಿಂತ ಚಿಕ್ಕದಾದ ಮರಿ ಉಣುಗು. ಮಳೆ ನಿಂತು ನೆಲ ಒಣಗಿದ ಮೇಲೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ. ಇದರಲ್ಲಿ ಬಹುಪಾಲು ಶಾಲೆ ನಡೆಯುವ ಕಾಲವೇ. ಶಾಲೆಗೆ ಬರುವ ಒಳದಾರಿ ಕಾನಿನ ನಡುವೆ ಹಾದಿದ್ದರೆ, ನಾಲ್ಕು ಹೆಜ್ಜೆ ಹೆಚ್ಚಾದರೂ ಬಯಲ ದಾರಿಯನ್ನೇ ಹಿಡಿಯುವಂತೆ ಮಕ್ಕಳಿಗೆ ಹೇಳಬೇಕು. ರಜೆಯ ದಿನ ತಾಯಿಯೊಡನೆ ತರಗೆಲೆಗೋ ಸೌದೆಗೋ ಕಾನಿಗೆ ಹೋಗುವ ಮಗುವಿನ ಕೈಕಾಲುಗಳಿಗೆ, ಆರೋಗ್ಯ ಇಲಾಖೆಯವರು ಹಂಚುವ ಡೆಪಾ ತೈಲವನ್ನು ಅವರು ಹೇಳಿದ ಕ್ರಮದಲ್ಲಿ ಹಚ್ಚಬೇಕು. ಮೈತುಂಬ ಬಟ್ಟೆ ತೊಡಿಸಬೇಕು. ಮರಳಿದೊಡನೆ ಬಿಸಿನೀರಿನಲ್ಲಿ ಮೀಯಿಸಿ, ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಮಡಿಕೆಯಲ್ಲಿ ಬೆರಳಾಡಿಸಿ ನೋಡಬೇಕು. ಕಚ್ಚಿಕೊಂಡ ಉಣುಗನ್ನು ಉಗುರಿನಿಂದ ಹಿಸುಕದೆ ಚಿಮುಟದಿಂದ ನೆಟ್ಟಗೆ ಎಳೆದು ತೆಗೆಯಬೇಕು. ಹಿಂದೆ ಹಾಕುತ್ತಿದ್ದ ಲಸಿಕೆಯು ಸಾಕಷ್ಟು ರಕ್ಷಣೆ ನೀಡದೆಂದು ಕೈಬಿಡಲ್ಪಟ್ಟಿರುವುದರಿಂದ ಎಚ್ಚರವೊಂದೇ ಈಗ ನಮ್ಮ ಆಶ್ರಯ. ಹಠಾತ್ತಾಗಿ ಏರಿದ ಜ್ವರ, ತಲೆನೋವು, ಮೈಕೈ ಮುರಿಯುವಂಥ ನೋವು ಕಂಡರೆ ಅಂಗಡಿಯ ಮಾತ್ರೆಯಲ್ಲಿ ದಿನ ಕಳೆಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಮಗು ಕಾನಿಗೆ ಹೋಗಿತ್ತೆಂಬುದನ್ನು ಮರೆಯದೆ ಹೇಳಬೇಕು. ಆ ಒಂದು ಮಾತಿನಿಂದ ವೈದ್ಯರ ದಾರಿ ಎಷ್ಟೋ ಹತ್ತಿರವಾಗುತ್ತದೆ. ಶಾಲೆಯ ಸುತ್ತ ಸತ್ತ ಮಂಗ ಕಂಡರೆ ಮಕ್ಕಳು ಹತ್ತಿರ ಸುಳಿಯಬಾರದು, ಮುಟ್ಟಲಂತೂ ಬಾರದು. ಅಂದೇ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸತಕ್ಕದ್ದು.

ಹಾದಿ ಮುಗಿದು ಕಟ್ಟಡ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಎಂಬಲ್ಲಿ ಸರ್ಕಾರಿ ಶಾಲೆಯ ಮಾಡು ಕುಸಿದು ಏಳು ಮಕ್ಕಳು ಮಡಿದರು. ಮೇಲಿನಿಂದ ಹರಳುಕಲ್ಲು ಉದುರುತ್ತಿದ್ದುದನ್ನು ತಾವು ಮೊದಲೇ ಹೇಳಿದ್ದೆವೆಂದು ಬದುಕುಳಿದ ಮಕ್ಕಳು ನುಡಿದುದನ್ನು ಪತ್ರಿಕೆಗಳಲ್ಲಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ನಮ್ಮ ಕಡೆಯ ಹಳೆಯ ಶಾಲೆಗಳು ಬಹುಮಟ್ಟಿಗೆ ಮಂಗಳೂರು ಹೆಂಚಿನವು. ಮಂಗಗಳು ಹಾರಾಡಿ ಸರಿಸಿದ ಹೆಂಚಿನ ಸಂದಿಯಿಂದ ನೀರು ಇಳಿದು, ರೀಪು ಪಕಾಸಿಗಳು ನೆನೆದು ಕುಂಬಾಗಿ, ಗೋಡೆಗೆ ಕಚ್ಚಿದ ತೊಲೆಯ ತುದಿಯನ್ನು ಗೆದ್ದಲು ಒಳಗೊಳಗೇ ತಿಂದು, ಹೊರಗಿನಿಂದ ಬಣ್ಣ ಬಳಿದುಕೊಂಡು ನಿಂತ ಮರವು ಒಳಗೆ ಟೊಳ್ಳಾಗಿರುವುದುಂಟು. ನೋಡುವ ಬಗೆ ಸುಲಭ: ಕೋಲಿನಿಂದ ತೊಲೆಯ ತುದಿಯನ್ನು ಬಡಿದು ದನಿಯನ್ನು ಆಲಿಸಿ, ನೆಲದ ಮೇಲೆ ಮರದ ಹುಡಿ ಬಿದ್ದಿದೆಯೆ ನೋಡಿ, ತಾರಸಿಯ ಕಟ್ಟಡವಾದರೆ ಗಾರೆ ಕಳಚಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದೆಯೆ, ಗೋಡೆಯ ಬಿರುಕು ಕಳೆದ ವರ್ಷಕ್ಕಿಂತ ಅಗಲವಾಗಿದೆಯೆ ನೋಡಿ. ಇವುಗಳಲ್ಲಿ ಯಾವುದು ಕಂಡರೂ, ದುರಸ್ತಿಯ ಹಣ ಬರುವುದಕ್ಕೆ ಮುಂಚೆಯೇ ಆಗಬೇಕಾದ ಕೆಲಸ ಆ ಕೊಠಡಿಗೆ ಬೀಗ ಹಾಕುವುದು. ಮಕ್ಕಳು ಒಂದು ತಿಂಗಳು ಜಗಲಿಯಲ್ಲಿ ಒತ್ತೊತ್ತಾಗಿ ಕುಳಿತು ಓದಿದರೆ ಪಾಠ ಕೆಡುವುದಿಲ್ಲ. ಆಮೇಲೆ ಪಂಚಾಯತ್‌ರಾಜ್ ಇಂಜಿನಿಯರಿಂಗ್ ವಿಭಾಗದವರು ಬಂದು ಪರೀಕ್ಷಿಸುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಬೇಕು. ಕಟ್ಟಡವು ಎಲ್ಲ ಋತುಗಳಿಗೂ ತಡೆಯುವಂಥದಾಗಿರಬೇಕು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆಬೇರೆ ಶೌಚಾಲಯಗಳಿರಬೇಕು, ಶುದ್ಧವಾದ ಕುಡಿಯುವ ನೀರು, ಅಡುಗೆಕೋಣೆ, ಆಟದ ಬಯಲು, ಸುತ್ತ ಗೋಡೆ ಅಥವಾ ಬೇಲಿ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯೇ ವಿಧಿಸುತ್ತದೆ. 2004ರಲ್ಲಿ ಕುಂಭಕೋಣದ ಶಾಲೆಯೊಂದರ ಅಡುಗೆಮನೆಯ ಬೆಂಕಿ ಸೋಗೆಯ ಮಾಡಿಗೆ ಹತ್ತಿ 94 ಮಕ್ಕಳು ಬೆಂದುಹೋದ ತರುವಾಯ, ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವುದೇ ಶಿಕ್ಷಣದ ಹಕ್ಕಿನ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪಿತ್ತಿತು. ಆದುದರಿಂದ ಸೋರದ ಮಾಡನ್ನು ಕೇಳುವ ತಾಯಿ ಯಾರ ಕೃಪೆಯನ್ನೂ ಬೇಡುತ್ತಿಲ್ಲ.

ಶಾಲೆಯೆಂದರೆ ಅನ್ನವೂ ಹೌದೆಂಬುದು ಈ ನೆಲಕ್ಕೆ ಹೊಸ ಮಾತಲ್ಲ. ಶಿಕಾರಿಪುರಕ್ಕೆ ಅನತಿದೂರದ ಬಳ್ಳಿಗಾವೆಯ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುವಾಗ, ಶಾಸ್ತ್ರಗಳ ಅಧ್ಯಯನದ ಜೊತೆಗೇ ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ನೀಡುವ ತಾಣವೆಂದು ಹೊಗಳಿದೆ. ಇಂದಿನ ಅಕ್ಷರದಾಸೋಹವು ಆ ಹಳೆಯ ಧರ್ಮದ ಮುಂದುವರಿಕೆಯೆಂದೇ ನಾನು ಬಗೆಯುತ್ತೇನೆ. ಅದರಿಂದಲೇ ಅದರಲ್ಲಿ ಅಜಾಗರೂಕತೆ ಸಲ್ಲದು. 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದಲ್ಲಿ ಕೀಟನಾಶಕ ಬೆರೆತ ಎಣ್ಣೆಯಲ್ಲಿ ಬೇಯಿಸಿದ ಊಟವುಂಡು 23 ಮಕ್ಕಳು ಸತ್ತರು. 2025ರ ಜುಲೈಯಲ್ಲಿ ಸವದತ್ತಿ ತಾಲ್ಲೂಕಿನ ಹೂಲಿಕಟ್ಟಿಯ ಸರ್ಕಾರಿ ಶಾಲೆಯ ನೀರಿನ ತೊಟ್ಟಿಗೆ ವಿಷ ಬೆರೆಸಿದ ಪ್ರಕರಣದಲ್ಲಿ ಮಕ್ಕಳು ಅಸ್ವಸ್ಥರಾದರು. ಅದರ ಬೆನ್ನಿಗೇ ನಮ್ಮದೇ ಜಿಲ್ಲೆಯ ಹೊಸನಗರ ತಾಲ್ಲೂಕಿನ ಹೂವಿನಕೋಣೆಯ ಶಾಲೆಯ ನೀರಿನಲ್ಲಿ ಕೀಟನಾಶಕ ಬೆರೆತುದು ವಾಸನೆಯಿಂದ ಪತ್ತೆಯಾಗಿ ಅನಾಹುತ ತಪ್ಪಿತು. ತೊಟ್ಟಿಗೆ ಭದ್ರವಾದ ಮುಚ್ಚಳವೂ ಬೀಗವೂ ಇರಬೇಕು, ಬೀಗದ ಕೈ ಯಾರ ಬಳಿ ಇದೆಯೆಂಬುದು ಎಲ್ಲರಿಗೂ ಗೊತ್ತಿರಬೇಕು, ಬೆಳಿಗ್ಗೆ ಮಕ್ಕಳು ಕುಡಿಯುವ ಮೊದಲು ಹಿರಿಯರೊಬ್ಬರು ನೀರನ್ನು ಮೂಸಿ ನೋಡಬೇಕು. ಶುಂಠಿಗೂ ಜೋಳಕ್ಕೂ ಹೊಡೆಯುವ ಔಷಧಿಯ ಖಾಲಿ ಡಬ್ಬಗಳು ನಮ್ಮ ಮನೆಗಳಲ್ಲಿ ಎಣ್ಣೆಗೂ ನೀರಿಗೂ ಮರುಬಳಕೆಯಾಗುವ ಪದ್ಧತಿ ನಿಲ್ಲಲೇಬೇಕು. ಅಂಥ ಡಬ್ಬ ಶಾಲೆಯ ಅಡುಗೆಕೋಣೆಯ ಹೊಸ್ತಿಲು ದಾಟಕೂಡದು. ಮಕ್ಕಳಿಗೆ ಬಡಿಸುವ ಮೊದಲು ಅಡುಗೆಯನ್ನು ಹಿರಿಯರು ಉಂಡು ನೋಡತಕ್ಕದ್ದೆಂಬ ನಿಯಮವಿದೆ. ವಾರಕ್ಕೊಬ್ಬರಂತೆ ತಾಯಂದಿರು ಸರದಿಯ ಮೇಲೆ ಹೋಗಿ ಆ ಮೊದಲ ತುತ್ತನ್ನು ತಾವು ಉಂಡರೆ ಅಡುಗೆಯವರಿಗೂ ಅದು ಗೌರವವೇ.

ಹಾವು, ನಾಯಿಗಳ ಮಾತನ್ನು ಬೇಗನೆ ಮುಗಿಸುತ್ತೇನೆ. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯ ತರಗತಿಯೊಳಗೇ, ನೆಲದ ಬಿಲವೊಂದರಲ್ಲಿದ್ದ ಹಾವು ಕಚ್ಚಿ ಐದನೆಯ ತರಗತಿಯ ಬಾಲಕಿ ತೀರಿಕೊಂಡಳು. ಆಸ್ಪತ್ರೆಗೆ ಸಾಗಿಸುವುದರಲ್ಲಿ ಆದ ವಿಳಂಬವೇ ಆ ಬಳಿಕ ಎಲ್ಲರ ಎದೆಯನ್ನು ಸುಟ್ಟ ಸಂಗತಿ. ತಂದೆ ಬರಲೆಂದು ಕಾಯಬೇಡಿರಿ, ಕೂಡಲೇ ಸಾಗಿಸಿರಿ ಎಂಬ ಒಪ್ಪಿಗೆಯನ್ನು ವರ್ಷದ ಆರಂಭದಲ್ಲಿಯೇ ಬರೆದು ಮೇಷ್ಟ್ರ ಕೈಗೆ ಕೊಟ್ಟಿರಿ. ಕಚ್ಚಿದ ಅಂಗವನ್ನು ಅಲುಗಿಸದೆ, ಕೊಯ್ಯದೆ, ಬಿಗಿಯಾಗಿ ಕಟ್ಟದೆ, ನಾಟಿಮದ್ದಿಗೆ ಅಲೆಯದೆ, 108ಕ್ಕೆ ಕರೆಮಾಡಿ, ವಾಹನ ತಡವಾದರೆ ಸಿಕ್ಕ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಚುಚ್ಚುಮದ್ದು ಆರಂಭಿಸಿ, ವೈದ್ಯರು ಹೇಳಿದಷ್ಟು ಸಲವೂ ತಪ್ಪದೆ ಹಾಕಿಸಬೇಕು.

ಇಷ್ಟು ಹೊತ್ತು ಹೇಳಿದ ಅಪಾಯಗಳೆಲ್ಲ ಕಣ್ಣಿಗೆ ಕಾಣುವಂಥವು. ಕಾಣದೆ ಮಗುವಿನ ಮನಸ್ಸಿನಲ್ಲಿ ಅವಿತಿರುವ ಭಯವೇ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು. ಹತ್ತರಿಂದ ಹದಿಮೂರು ವಯಸ್ಸಿನ ಮಗು ಇತ್ತ ಶಿಶುವೂ ಅಲ್ಲ, ಅತ್ತ ಪ್ರಾಯಕ್ಕೂ ಬಂದಿಲ್ಲ. ನಾಚಿಕೆಯೆಂಬುದು ಆಗತಾನೇ ಮೊಳೆತು, ಮಾತಿಗಿಂತ ಮೌನವೇ ಸುಲಭವೆನಿಸುವ ಕಾಲ ಅದು. ದೊಡ್ಡ ಹುಡುಗರ ಕೀಟಲೆ, ಜಾತಿಯ ಹೆಸರಿನ ಹಂಗಿಸುವಿಕೆ, ಬೆತ್ತದ ಪೆಟ್ಟು, ಮೈಮುಟ್ಟುವ ಕೆಟ್ಟ ಕೈ, ಇವುಗಳಲ್ಲಿ ಯಾವುದನ್ನೂ ಆ ಮಗು ತಾನಾಗಿ ಬಂದು ಹೇಳಲಾರದು. ಹೊಟ್ಟೆನೋವೆಂದು ಮಲಗುತ್ತದೆ, ಪುಸ್ತಕ ಕಳೆಯಿತೆನ್ನುತ್ತದೆ, ಒಂದು ದಾರಿಯನ್ನು ಬಿಟ್ಟು ಇನ್ನೊಂದು ದಾರಿಯಲ್ಲಿ ಬರತೊಡಗುತ್ತದೆ. “ಇವತ್ತು ಏನು ಪಾಠ ಆಯ್ತು?” ಎಂದು ಕೇಳುವ ಮನೆಗಳು ಬಹಳ, “ಇವತ್ತು ಯಾರ ಜೊತೆ ಊಟಕ್ಕೆ ಕೂತಿದ್ದೆ ಮಗಾ?” ಎಂದು ಕೇಳುವವರು ಕಡಮೆ. ಎರಡನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಬಹಳಷ್ಟು ತಿಳಿಯುತ್ತದೆ. ಮಗು ಬಾಯ್ಬಿಟ್ಟಾಗ ಮಾಡಲೇಬಾರದ ಕೆಲಸವೆಂದರೆ ಗದರುವುದು, “ನೀನ್ಯಾಕೆ ಅಲ್ಲಿಗೆ ಹೋಗಿದ್ದೆ?” ಎಂದು ತಪ್ಪನ್ನು ಅದರ ತಲೆಗೇ ಕಟ್ಟುವುದು, ಹೇಳಿದುದನ್ನೇ ನಾಲ್ವರ ಮುಂದೆ ಮತ್ತೆ ಮತ್ತೆ ಹೇಳಿಸುವುದು.

ಮಗುವನ್ನು ಹೊಡೆಯುವುದೂ ಮಾನಸಿಕವಾಗಿ ಹಿಂಸಿಸುವುದೂ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣದ ಮೇರೆಗೆ ನಿಷಿದ್ಧ. “ನಾವೂ ಮೇಷ್ಟ್ರ ಏಟು ತಿಂದೇ ಬುದ್ಧಿ ಕಲಿತವರು” ಎಂದು ಹೇಳುವ ತಂದೆಯರನ್ನು ನಾನು ಬಲ್ಲೆ. ಆ ಏಟಿಗೆ ಹೆದರಿ ಓದನ್ನೇ ಬಿಟ್ಟ ಅವರ ಓರಗೆಯವರು ಈಗ ಎಲ್ಲಿದ್ದಾರೆಂಬುದನ್ನೂ ಅವರು ನೆನೆಯಬೇಕು. ಮಕ್ಕಳ ಕೈಯಲ್ಲಿ ಶೌಚಗುಂಡಿ ತೊಳೆಯಿಸಿದ ಸಂಗತಿ 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಹೊರಬಿದ್ದಾಗ ನಾಡೆಲ್ಲ ತಲೆತಗ್ಗಿಸಿತು. ಅಂಥ ಕೆಲಸಕ್ಕೆ ಯಾವ ಮಗುವನ್ನೂ, ವಿಶೇಷವಾಗಿ ಜಾತಿ ನೋಡಿ ಆರಿಸಿದ ಮಗುವನ್ನು, ಹಚ್ಚಲು ಯಾರಿಗೂ ಅಧಿಕಾರವಿಲ್ಲ. ಲೈಂಗಿಕ ದೌರ್ಜನ್ಯದ ವಿಷಯದಲ್ಲಿ 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯಿದೆ ಬಹು ಸ್ಪಷ್ಟವಾಗಿದೆ: ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು; ಸಂಸ್ಥೆಯ ಹೆಸರು ಕೆಡುವುದೆಂದು ಮುಚ್ಚಿಟ್ಟ ಮುಖ್ಯಸ್ಥನಿಗೇ ಒಂದು ವರ್ಷದವರೆಗೆ ಸೆರೆವಾಸವುಂಟು. ಸಾಕ್ಷ್ಯವನ್ನು ಕೂಡಿಹಾಕುವ ಹೊಣೆ ತಂದೆತಾಯಿಗಳದಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೋ ಅದು ಬಯಸಿದ ಎಡೆಯಲ್ಲಿಯೋ, ಆದಷ್ಟುಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಮೆಯಿಲ್ಲದ ಮಹಿಳಾ ಅಧಿಕಾರಿಯೊಬ್ಬರು, ಸಮವಸ್ತ್ರ ಧರಿಸದೆ, ತಂದೆತಾಯಿಗಳ ಎದುರಿನಲ್ಲಿ ಬರೆದುಕೊಳ್ಳಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಅದರ ಹೆಸರನ್ನೂ ಗುರುತನ್ನೂ ಪ್ರಕಟಿಸುವಂತಿಲ್ಲ. ಊರ ಹಿರಿಯರು ಕುಳಿತು ರಾಜಿ ಮಾಡಿಸತಕ್ಕ ಸಂಗತಿ ಇದಲ್ಲವೇ ಅಲ್ಲ. ಠಾಣೆಗೆ ಹೋಗಲು ಧೈರ್ಯ ಸಾಲದಿದ್ದರೆ 1098, ಹಗಲೂ ರಾತ್ರಿಯೂ ಉತ್ತರಿಸುವ ಮಕ್ಕಳ ಸಹಾಯವಾಣಿ. ಆ ನಾಲ್ಕು ಅಂಕಿಗಳನ್ನು ಮಕ್ಕಳಿಗೂ ಮಗ್ಗಿಯಂತೆ ಬಾಯಿಪಾಠ ಮಾಡಿಸಿ.

ಈಗ ಉಳಿದುದು, ಕಣ್ಣಿಗೆ ಕಂಡುದನ್ನು ಕಾಗದಕ್ಕೆ ಇಳಿಸುವ ಕೆಲಸ. ಪ್ರತಿ ಸರ್ಕಾರಿ ಶಾಲೆಯಲ್ಲಿಯೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಂದರೆ ಎಸ್.ಡಿ.ಎಂ.ಸಿ., ಉಂಟು. ನಮ್ಮ ರಾಜ್ಯದಲ್ಲಿ 2001ರಿಂದಲೇ ರೂಢಿಗೆ ಬಂದ ಈ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲಾದರೂ ತಂದೆತಾಯಿಗಳು, ಅರ್ಧದಷ್ಟು ಮಹಿಳೆಯರು ಇರಬೇಕೆಂಬುದು ಶಿಕ್ಷಣ ಹಕ್ಕು ಕಾಯಿದೆಯ ವಿಧಿ. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದೂ ಬಂದ ಅನುದಾನದ ವೆಚ್ಚವನ್ನು ನೋಡುವುದೂ ಅವರ ಅಧಿಕಾರ. ಹಲವು ವರ್ಷಗಳ ಕೆಳಗೆ ಇಂಥದೊಂದು ಸಮಿತಿಯ ಸಭೆಗಳಲ್ಲಿ ಕುಳಿತಿದ್ದ ನನಗೆ ಮರೆಯಲಾಗದ ಅನುಭವವೊಂದಿದೆ. ಬಿರುಕುಬಿಟ್ಟ ತೊಲೆಯೊಂದರ ಮಾತು ಎರಡು ವರ್ಷ ಪ್ರತಿ ಸಭೆಯಲ್ಲಿಯೂ ಬಂದು, ಚಹಾ ಬರುವ ಹೊತ್ತಿಗೆ ಮರೆತುಹೋಗುತ್ತಿತ್ತು. ಕೊನೆಗೆ ಸದಸ್ಯೆಯಾಗಿದ್ದ ತಾಯಿಯೊಬ್ಬರು ಮಗನ ನೋಟುಪುಸ್ತಕದ ಹಾಳೆಯೊಂದನ್ನು ಹರಿದು, ಆರು ಸಾಲು ಬರೆದು, ತಾಲ್ಲೂಕು ಕಛೇರಿಗೆ ತಾವೇ ಒಯ್ದು ಕೊಟ್ಟು ಬಂದರು. ಇಂಜಿನಿಯರರು ಆ ತಿಂಗಳಲ್ಲಿಯೇ ಬಂದರು. ಅಂಥ ಅರ್ಜಿಗೆ ಅಲಂಕಾರ ಬೇಕಿಲ್ಲ. “ನಮ್ಮ ಶಾಲೆಯ ಆರನೆಯ ತರಗತಿಯ ಕೊಠಡಿಯ ನೈರುತ್ಯ ಮೂಲೆಯ ತೊಲೆಗೆ ಗೆದ್ದಲು ಹಿಡಿದಿದ್ದು, ಇದೇ ಜೂನ್ 12ರ ಮಳೆಯಲ್ಲಿ ಎರಡು ಹೆಂಚುಗಳು ಒಳಗೆ ಬಿದ್ದಿರುತ್ತವೆ, ಅಲ್ಲಿ 34 ಮಕ್ಕಳು ಕುಳಿತುಕೊಳ್ಳುತ್ತಾರೆ, ದುರಸ್ತಿಯಾಗುವವರೆಗೆ ಆ ಕೊಠಡಿಯನ್ನು ಮುಚ್ಚಿಸಿ, ಸ್ಥಳಪರಿಶೀಲನೆ ಮಾಡಿಸಬೇಕೆಂದು ಕೋರುತ್ತೇವೆ” ಎಂಬಷ್ಟೇ ಸಾಕು: ಎಲ್ಲಿ, ಏನು, ಎಂದು, ಎಷ್ಟು ಮಕ್ಕಳು, ಏನಾಗಬೇಕು. ಜೊತೆಗೊಂದು ಚಿತ್ರ, ಕೆಳಗೆ ಸಹಿಗಳು. ಎರಡು ಪ್ರತಿ ಮಾಡಿ, ಒಂದನ್ನು ಕಛೇರಿಯ ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಬೇಕು. ಆ ಮೊಹರು ಇಲ್ಲದ ಅರ್ಜಿ ಕೊಟ್ಟೂ ಕೊಡದಂತೆ. ಲಿಖಿತ ಹಿಂಬರಹವನ್ನು ಕೇಳಿ ಪಡೆಯಬೇಕು. ಮಕ್ಕಳ ಹಕ್ಕಿನ ಬಗೆಗೆ ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟ ದೂರನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯ 32ನೆಯ ಪ್ರಕರಣ ಹೇಳುತ್ತದೆ. ತೀರ್ಮಾನ ಸಮಾಧಾನಕರವಾಗಿರದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಮೇಷ್ಟ್ರನ್ನೂ ಅಕ್ಕೋರನ್ನೂ ಎದುರಾಳಿಗಳೆಂದು ಎಣಿಸದೆ ಮೊದಲು ಅವರೊಡನೆಯೇ ಮಾತಾಡಿ. ಸೋರುವ ಮಾಡಿನ ಕೆಳಗೆ ಅವರೂ ನಿಲ್ಲುತ್ತಾರೆ.

ಮಳೆ ಹಿಡಿಯುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು, ಮಗುವನ್ನು ಮುಂದೆ ಬಿಟ್ಟು, ನೀವು ಹಿಂದೆ ನಡೆಯುತ್ತ ಮನೆಯಿಂದ ಶಾಲೆಯವರೆಗೆ ಹೋಗಿ ಬನ್ನಿ. ದಾರಿಯನ್ನು ನೀವು ತೋರಿಸಬೇಡಿ, ಅದು ತೋರಿಸಲಿ. ಯಾವ ಮನೆಯ ನಾಯಿಗೆ ಹೆದರಿ ಅದು ಬೇಲಿಯ ಬದಿಗೆ ಸರಿಯುತ್ತದೆ, ಸಂಕದ ಯಾವ ದಿಮ್ಮಿಯ ಮೇಲೆ ಕಾಲಿಡದೆ ಹಾರುತ್ತದೆ, ಯಾವ ತಿರುವಿನಲ್ಲಿ ಹೆಜ್ಜೆ ಬಿರುಸಾಗುತ್ತದೆ, ಯಾವ ಅಂಗಡಿಯ ಮುಂದೆ ತಲೆತಗ್ಗಿಸುತ್ತದೆ ಎಂಬುದನ್ನು ಮಾತಿಲ್ಲದೆ ಗಮನಿಸಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಜೂನ್ ತಿಂಗಳ ಸಮಿತಿಯ ಸಭೆಗೆ ಹೋಗುವಾಗ ಆ ಚೀಟಿ ನಿಮ್ಮ ಕೈಯಲ್ಲಿರಲಿ.